ಮಧುಮೇಹಿಗಳ ವ್ರಣ ಮತ್ತು ಮನೆಮದ್ದು: ಒಂದು ಐತಿಹಾಸಿಕ ವಿವೇಚನೆ

ಮದ್ದೂರು–ಮಂಡ್ಯಗಳ ನಡುವಣ ಹನಕೆರೆಯಂಥ ಊರುಗಳಲ್ಲಿ ಬೇಸಾಯಗಾರನ ಕಾಲಿಗೆ ಗಾಯವಾಗುವುದು ಅಪೂರ್ವವಲ್ಲ. ಕಟಾವಾದ ಕಬ್ಬಿನ ಕೂಳೆ ಚುಚ್ಚುತ್ತದೆ. ಕೆಸರುಗದ್ದೆಯಲ್ಲಿ ಮುಳ್ಳು ನೆಡುತ್ತದೆ. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಈ ಸೀಮೆಯ ಬದುಕು ಕಬ್ಬಿನೊಡನೆ ಹೆಣೆದುಕೊಂಡಿದೆ. ಗಾಯಕ್ಕೆ ಅರಿಸಿನ, ಬೇವು, ಜೇನುತುಪ್ಪಗಳನ್ನು ಹಚ್ಚುವುದು ಹಿಂದಿನಿಂದ ಬಂದ ರೂಢಿ. ಮಧುಮೇಹವುಳ್ಳವರೂ ಇದನ್ನೇ ಅನುಸರಿಸಿ, ಆಯುರ್ವೇದವೇ ಇದಕ್ಕೆ ಪ್ರಮಾಣವೆಂದು ಸಮರ್ಥಿಸುವುದುಂಟು. ಆ ಪ್ರಮಾಣ ಎಷ್ಟರಮಟ್ಟಿನದು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ವ್ರಣಚಿಕಿತ್ಸೆಗೆ ಪ್ರಧಾನ ಆಕರ ಸುಶ್ರುತಸಂಹಿತೆ. ಅದರ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ 60 ಉಪಕ್ರಮಗಳನ್ನು ಹೇಳಿದೆ. ಲೇಪ, ಕಷಾಯ, ಘೃತ, ತೈಲಗಳು ಇವುಗಳಲ್ಲಿ ಸೇರಿವೆ. ಅವುಗಳ ಜೊತೆಯಲ್ಲಿಯೇ ಶಸ್ತ್ರಕ್ರಿಯೆ, ಕಟ್ಟು ಕಟ್ಟುವಿಕೆ, ಆಹಾರನಿಯಮಗಳೂ ಇವೆ. ಮೊದಲು ಶೋಧನ, ಅನಂತರ ರೋಪಣ ಎಂಬುದು ಅಲ್ಲಿನ ಕ್ರಮ. ಎಂದರೆ, ವ್ರಣವು ಶುದ್ಧವಾಗುವುದಕ್ಕೆ ಮುಂಚೆ ಅದನ್ನು ಮಾಯಿಸುವ ಲೇಪಕ್ಕೆ ಎಡೆಯಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಅದೇ ಗ್ರಂಥದ ಸೂತ್ರಸ್ಥಾನವು ಕುಷ್ಠರೋಗಿಗಳು, ವಿಷಪೀಡಿತರು, ಶೋಷರೋಗಿಗಳು, ಮಧುಮೇಹಿಗಳು ಇವರ ವ್ರಣಗಳು ಕಷ್ಟದಿಂದ ಮಾಯುವುವೆಂದು ಎಚ್ಚರಿಸುತ್ತದೆ. ಮಧುಮೇಹಿಗಳ ದೇಹದ ಕೆಳಭಾಗದಲ್ಲಿ ಪಿಡಕೆಗಳೇಳುವುದನ್ನು ಗುರುತಿಸಿ, ರಸವಾಹಿನಿಗಳ ದೌರ್ಬಲ್ಯವೇ ಅದಕ್ಕೆ ಕಾರಣವೆಂದು ಚಿಕಿತ್ಸಾಸ್ಥಾನ ವಿವರಿಸುತ್ತದೆ. ಪ್ರಾಚೀನರ ಮಧುಮೇಹವೂ ಇಂದಿನ ಸಕ್ಕರೆ ಕಾಯಿಲೆಯೂ ಸಂಪೂರ್ಣವಾಗಿ ಒಂದೇ ಎನ್ನಲಾಗದು. ಆದರೂ ಕಾಲಿನ ರಕ್ತಸಂಚಾರ ಕುಂದುವುದು, ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದು ಎಂಬ ಆಧುನಿಕ ನಿರೂಪಣೆಯ ಬಳಿಯಲ್ಲಿ ಈ ಮಾತನ್ನಿಟ್ಟು ನೋಡಿದರೆ, ಅವರ ಅವಲೋಕನದ ಸೂಕ್ಷ್ಮತೆ ವಿದಿತವಾಗುತ್ತದೆ.

ಕರ್ನಾಟಕದ ವೈದ್ಯಪರಂಪರೆಯೂ ಇಲ್ಲಿ ಸ್ಮರಣೀಯ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವನ್ನೂ, 12ನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನೂ ರಚಿಸಿದರು. ಮದ್ಯಮಾಂಸಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಿದುದು ಈ ಜೈನ ವೈದ್ಯರ ವೈಶಿಷ್ಟ್ಯ. ಇದರಿಂದ ದ್ರವ್ಯಗಳ ಪಟ್ಟಿ ದೇಶಕಾಲಾಚಾರಗಳಿಗೆ ತಕ್ಕಂತೆ ಬದಲಾಗುತ್ತಿತ್ತೆಂದು ತಿಳಿಯುತ್ತದೆ. ದ್ರವ್ಯಗಳೆಲ್ಲವೂ ಹಿತ್ತಲ ಗಿಡಗಳೇ ಎಂದು ಭಾವಿಸುವುದೂ ಸರಿಯಲ್ಲ. ವ್ರಣಗಳಿಗೆ ಪ್ರಸಿದ್ಧವಾದ ಜಾತ್ಯಾದಿ ಯೋಗದಲ್ಲಿ ಜಾಜಿಯೆಲೆ, ಬೇವು, ಅರಿಸಿನಗಳೊಡನೆ ಮೈಲುತುತ್ತವೂ ಸೇರಿದೆ.

ಗಾಯಕ್ಕೆ ಜೇನನ್ನು ಬಳಸುವುದು ಭಾರತಕ್ಕಷ್ಟೇ ಸೀಮಿತವಲ್ಲ, ಕ್ರಿ.ಪೂ. ಸುಮಾರು 1600ರ ಈಜಿಪ್ಟಿನ ವೈದ್ಯಲೇಖದಲ್ಲಿಯೂ ಅದು ಕಾಣುತ್ತದೆ. ಜೇನು ವ್ರಣದ ನೀರನ್ನು ಹೀರಿ, ತನ್ನ ಆಮ್ಲಗುಣದಿಂದಲೂ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಆದರೆ 2015ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ಕೆಲವು ಬಗೆಯ ಸುಟ್ಟಗಾಯಗಳಲ್ಲಿ ಜೇನಿನಿಂದ ಪ್ರಯೋಜನ ಕಂಡಿದ್ದರೂ ಮಧುಮೇಹಿಗಳ ಪಾದವ್ರಣದ ವಿಷಯದಲ್ಲಿ ಆಧಾರಗಳು ದುರ್ಬಲ. ಅರಿಸಿನದ ಕಥೆಯೂ ವಿಚಾರಾರ್ಹ. ಗಾಯಕ್ಕೆ ಅರಿಸಿನ ಬಳಸುವ ಬಗ್ಗೆ 1995ರಲ್ಲಿ ಅಮೆರಿಕದಲ್ಲಿ ಕೊಡಲಾದ ಪೇಟೆಂಟು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯ ಆಕ್ಷೇಪಣೆಯಿಂದ 1997ರಲ್ಲಿ ರದ್ದಾಯಿತು. ಆ ಜಯವು ಜ್ಞಾನದ ಪ್ರಾಚೀನತೆಯನ್ನು ಸ್ಥಾಪಿಸಿತು. ಮಧುಮೇಹಿಯ ವ್ರಣವನ್ನು ಅರಿಸಿನ ಮಾಯಿಸುತ್ತದೆಂಬುದನ್ನಲ್ಲ. ಪ್ರಾಚೀನತೆ ಬೇರೆ, ಪರಿಣಾಮ ಬೇರೆ.

ಮೇಲ್ಕಂಡ ವಿವೇಚನೆಯಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಲೇಪವನ್ನು ಹೇಳಿದ ಶಾಸ್ತ್ರವೇ, ಮಧುಮೇಹಿಯ ವ್ರಣ ಸಾಮಾನ್ಯವಾದುದಲ್ಲವೆಂದೂ ಹೇಳಿದೆ. ಮೊದಲನೆಯ ಮಾತನ್ನು ಉಳಿಸಿಕೊಂಡು ಎರಡನೆಯದನ್ನು ಮರೆಯುವುದು ಪರಂಪರೆಗೆ ತೋರುವ ಗೌರವವಲ್ಲ. ನೋವಿಲ್ಲವೆಂದು ಕೂಳೆ ಚುಚ್ಚಿದ ಕಾಲಿಗೆ ಅರಿಸಿನ ಮೆತ್ತಿ ದಿನಗಳೆಯುವ ರೈತನು ಕಾಲನ್ನೇ ಕಳೆದುಕೊಳ್ಳಬಹುದು. ಅಂಥವನನ್ನು ತಡಮಾಡದೆ ವೈದ್ಯರ ಬಳಿಗೆ ಕಳುಹಿಸುವುದು, ಇಂದಿನ ವೈದ್ಯಕ್ಕೆ ಹೇಗೋ ಹಾಗೆ, ಸುಶ್ರುತನ ಮಾತಿಗೂ ಅನುಗುಣವಾದುದೇ ಆಗಿದೆ.