ಜಂಟಿ ಸಂಸದೀಯ ಸಮಿತಿ

ಲೋಕಸಭೆ ಮತ್ತು ರಾಜ್ಯಸಭೆಯ ಸದಸ್ಯರನ್ನು ಒಟ್ಟುಗೂಡಿಸಿ ಗೊತ್ತಾದ ಒಂದು ಕೆಲಸಕ್ಕಾಗಿ ರಚಿಸುವ ಸಮಿತಿ. ಪತ್ರಿಕೆಗಳಲ್ಲಿ ಜೆಪಿಸಿ ಎಂದೇ ಬಳಕೆ. ಮಸೂದೆಯೊಂದನ್ನು ಕಲಮುವಾರು ಪರಿಶೀಲಿಸುವುದು ಅಥವಾ ಹಗರಣವೊಂದನ್ನು ವಿಚಾರಿಸುವುದು ಇದರ ಹೊಣೆ. ವರದಿ ಒಪ್ಪಿಸಿದೊಡನೆ ಸಮಿತಿಯೂ ಇಲ್ಲವಾಗುತ್ತದೆ. ಸಂವಿಧಾನದ 108ನೇ ವಿಧಿಯ ಜಂಟಿ ಅಧಿವೇಶನವೇ ಬೇರೆ, ಇದೇ ಬೇರೆ.

ರಚನೆ ಆರಂಭವಾಗುವುದು ಒಂದು ಸದನದಲ್ಲಿ. ಸಾಮಾನ್ಯವಾಗಿ ಸಚಿವರೊಬ್ಬರು ಲೋಕಸಭೆಯಲ್ಲಿ ಪ್ರಸ್ತಾವ ಮಂಡಿಸುತ್ತಾರೆ. ವಿಷಯ, ಲೋಕಸಭೆಯ ಸದಸ್ಯರ ಹೆಸರು, ವರದಿಯ ಗಡುವು ಎಲ್ಲವೂ ಅದರಲ್ಲೇ ಇರುತ್ತವೆ. ರಾಜ್ಯಸಭೆಯೂ ಸೇರಿಕೊಂಡು ತನ್ನ ಸದಸ್ಯರ ಹೆಸರು ತಿಳಿಸಬೇಕೆಂಬ ಶಿಫಾರಸೂ ಇರುತ್ತದೆ. ರಾಜ್ಯಸಭೆ ಒಪ್ಪಿ ಹೆಸರು ಕಳಿಸಿದ ಮೇಲೆಯೇ ಸಮಿತಿ ಪೂರ್ಣವಾಗುವುದು. ಹಣಕಾಸು ಮಸೂದೆಗಳಿಗೆ ಈ ದಾರಿ ಇಲ್ಲ.

ಸದಸ್ಯರ ಸಂಖ್ಯೆ ಇಷ್ಟೇ ಎಂಬ ಕಟ್ಟುಪಾಡಿಲ್ಲ. ಲೋಕಸಭೆಯ ಇಬ್ಬರಿಗೆ ರಾಜ್ಯಸಭೆಯ ಒಬ್ಬರು ಎಂಬುದು ರೂಢಿಯ ಲೆಕ್ಕ. ಪಾನೀಯಗಳಲ್ಲಿನ ಕೀಟನಾಶಕದ ವಿಚಾರಣೆಗೆ 2003ರಲ್ಲಿ ಶರದ್ ಪವಾರ್ ನೇತೃತ್ವದಲ್ಲಿ ರಚನೆಯಾದ ಸಮಿತಿಯಲ್ಲಿ 15 ಮಂದಿ ಇದ್ದರು. 2024ರ ವಕ್ಫ್ ತಿದ್ದುಪಡಿ ಮಸೂದೆಗೆ 21 ಮತ್ತು 10, ಒಟ್ಟು 31. ಅದೇ ವರ್ಷದ ಡಿಸೆಂಬರ್‌ನಲ್ಲಿ ಏಕಕಾಲ ಚುನಾವಣೆಯ ಮಸೂದೆಗಳಿಗೂ ಮೊದಲು 31 ಎಂದೇ ಇತ್ತು. ತಮಗೂ ಜಾಗ ಬೇಕೆಂದು ಪಕ್ಷಗಳು ಕೇಳಿದ್ದರಿಂದ ಅದು 27 ಮತ್ತು 12 ಸೇರಿ 39ಕ್ಕೆ ಏರಿತು. ನಿಯಮಪುಸ್ತಕಕ್ಕಿಂತ ಪಕ್ಷಗಳ ಚೌಕಾಶಿಯೇ ಇಂಥಲ್ಲಿ ನಿರ್ಣಾಯಕ.

ಸದನದಲ್ಲಿನ ಬಲಾಬಲಕ್ಕೆ ತಕ್ಕಂತೆ ಪಕ್ಷಗಳಿಗೆ ಸ್ಥಾನ ಹಂಚಿಕೆಯಾಗುತ್ತದೆ. ಲೋಕಸಭೆಯಿಂದ ಹೊರಟ ಸಮಿತಿಯ ಅಧ್ಯಕ್ಷರನ್ನು ಸ್ಪೀಕರ್ ನೇಮಿಸುತ್ತಾರೆ. ಹೀಗಾಗಿ ಬಹುಮತವೂ ಅಧ್ಯಕ್ಷ ಪೀಠವೂ ಬಹುತೇಕ ಆಡಳಿತ ಪಕ್ಷದ ಕೈಯಲ್ಲೇ. ಸರ್ಕಾರವನ್ನೇ ವಿಚಾರಿಸಬೇಕಾದಾಗ ಇದು ದೊಡ್ಡ ತೊಡಕು. ಬೊಫೋರ್ಸ್ ಫಿರಂಗಿ ಖರೀದಿಯ ವಿಚಾರಣೆಗೆ 1987ರ ಆಗಸ್ಟ್‌ನಲ್ಲಿ ರಚನೆಯಾದ ಸಮಿತಿಯಲ್ಲಿ ಅದು ಬಯಲಾಯಿತು. ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅದರ ಅಧ್ಯಕ್ಷರು. ಪ್ರಮುಖ ವಿರೋಧ ಪಕ್ಷಗಳು ಬಹಿಷ್ಕರಿಸಿದವು. 1988ರ ವರದಿಗೆ ಭಿನ್ನಮತದ ಟಿಪ್ಪಣಿ ಬರೆದವರು ತಮಿಳುನಾಡಿನ ಆಲಡಿ ಅರುಣಾ. ಆದರೂ ವಿರೋಧ ಪಕ್ಷಗಳಿಗೆ ಜೆಪಿಸಿಯ ಮೇಲಿನ ಆಸೆ ಕರಗಿಲ್ಲ: 2ಜಿ ತರಂಗಾಂತರ ಹಂಚಿಕೆಯ ಬಗ್ಗೆ ಅದೇ ಬೇಕೆಂಬ ಪಟ್ಟಿನಿಂದ 2010ರ ಚಳಿಗಾಲದ ಅಧಿವೇಶನವೇ ಕೊಚ್ಚಿಹೋಯಿತು; 2011ರಲ್ಲಿ ಪಿ.ಸಿ. ಚಾಕೋ ಅಧ್ಯಕ್ಷತೆಯ 30 ಸದಸ್ಯರ ಸಮಿತಿ ಬಂತು. ಸಾಕ್ಷಿಗಳನ್ನು ಕರೆಸುವ, ಕಡತಗಳನ್ನು ತರಿಸಿಕೊಳ್ಳುವ ಅಧಿಕಾರ ಸಮಿತಿಗಿರುವುದೇ ಈ ಆಸೆಗೆ ಕಾರಣವಿರಬೇಕು. ಶಿಫಾರಸುಗಳನ್ನು ಒಪ್ಪುವುದು ಬಿಡುವುದು ಮಾತ್ರ ಸರ್ಕಾರಕ್ಕೆ ಬಿಟ್ಟದ್ದು.

ಲೆಕ್ಕಪತ್ರ ಸಮಿತಿಯಲ್ಲಿ ಲೋಕಸಭೆಯ 15, ರಾಜ್ಯಸಭೆಯ 7 ಮಂದಿ ಇದ್ದರೂ ಅದನ್ನು ಜೆಪಿಸಿ ಎನ್ನುವುದಿಲ್ಲ. ಅದು ವರ್ಷವರ್ಷವೂ ಚುನಾವಣೆಯಿಂದ ರಚನೆಯಾಗುವ ಕಾಯಂ ಸಮಿತಿ.

ವಿಧಾನ ಪರಿಷತ್ತು ಇರುವ ಕರ್ನಾಟಕದಲ್ಲೂ ಎರಡೂ ಸದನಗಳ ಸದಸ್ಯರ ಸಮಿತಿಗಳುಂಟು. ಇಲ್ಲಿನ ಹೆಸರು ಜಂಟಿ ಸದನ ಸಮಿತಿ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿ ಕುರಿತು ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸಮಿತಿ 2007ರಲ್ಲಿ ಸಲ್ಲಿಸಿದ ವರದಿಯನ್ನು ಭೂಕಬಳಿಕೆಯ ಮಾತು ಬಂದಾಗಲೆಲ್ಲ ಇಂದಿಗೂ ಉಲ್ಲೇಖಿಸುತ್ತಾರೆ.