ಕರ್ನಾಟಕದಲ್ಲಿ ರಾಫ್ಟಿಂಗ್

ಕರ್ನಾಟಕದಲ್ಲಿ ರಾಫ್ಟಿಂಗ್ ಎಂಬುದು ರಾಜ್ಯದ ರಭಸದ ನದಿಗಳಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿಯನ್ನು ಹುಟ್ಟುಗಳಿಂದ ನಡೆಸಿಕೊಂಡು ಸಾಗುವ ಜಲಸಾಹಸ ಕ್ರೀಡೆಯಾಗಿದೆ. ಉತ್ತರ ಕನ್ನಡ ಜಿಲ್ಲೆಯ ಕಾಳಿ, ಕೊಡಗಿನ ಬರಪೊಳೆ ಹಾಗೂ ಕಾವೇರಿ, ಉಡುಪಿ ಜಿಲ್ಲೆಯ ಸೀತಾನದಿ ಇದರ ಪ್ರಮುಖ ತಾಣಗಳು. ಇವುಗಳಲ್ಲಿ ಕಾಳಿ ನದಿಯ ಸ್ಥಾನ ವಿಶಿಷ್ಟವಾದುದು. ಉಳಿದ ನದಿಗಳಲ್ಲಿ ಈ ಕ್ರೀಡೆ ಬಹುಮಟ್ಟಿಗೆ ಮಳೆಗಾಲಕ್ಕೆ ಸೀಮಿತವಾಗಿದ್ದರೆ, ಕಾಳಿಯಲ್ಲಿ ಅದು ಬೇಸಿಗೆಯ ನಡುವೆಯೂ ನಡೆಯುತ್ತದೆ. ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬರುವ ನೀರೇ ಇದಕ್ಕೆ ಕಾರಣ.

ಹಿನ್ನೆಲೆ

ಗಾಳಿ ತುಂಬಿದ ದೋಣಿ ಕರ್ನಾಟಕಕ್ಕೆ ಹೊಸದಾದರೂ, ಬಂಡೆಗಳ ನಡುವೆ ಹರಿಯುವ ನದಿಯನ್ನು ಹಗುರವಾದ ದೋಣಿಯಲ್ಲಿ ದಾಟುವ ವಿದ್ಯೆ ಹಳೆಯದು. ಬಿದಿರು ಅಥವಾ ಬೆತ್ತದ ಬುಟ್ಟಿಗೆ ತೊಗಲು ಹೊದಿಸಿ ಮಾಡುತ್ತಿದ್ದ ಹರಿಗೋಲು ತುಂಗಭದ್ರೆಯಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಬುಟ್ಟಿಯಂತೆ ದುಂಡಗಿರುವ ಈ ದೋಣಿಗಳಲ್ಲಿ ಜನರಷ್ಟೇ ಅಲ್ಲದೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ಕಾವೇರಿ ತೀರದಲ್ಲಿ ಇದನ್ನು ತೆಪ್ಪ ಎಂದೂ ಕರೆಯುವರು. ಹರಿಗೋಲಿನ ತಳ ಚಪ್ಪಟೆಯಾಗಿರುವುದರಿಂದ ಅದು ಕಡಿಮೆ ನೀರಿನಲ್ಲಿಯೂ ಸಾಗುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಳುಕುತ್ತದೆ. ಇಂದಿನ ರಾಫ್ಟ್ ಕೂಡ ಇದೇ ಗುಣವನ್ನು ನೆಚ್ಚಿದೆ.

ಆಧುನಿಕ ರಾಫ್ಟಿಂಗ್ ಬೆಳೆದದ್ದು ಮುಖ್ಯವಾಗಿ ಅಮೆರಿಕದ ಮರುಭೂಮಿ ಪ್ರದೇಶದ ನದಿಗಳಲ್ಲಿ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ನೇತೃತ್ವದ ತಂಡವು ಮರದ ದೋಣಿಗಳಲ್ಲಿ ಗ್ರೀನ್ ಮತ್ತು ಕೊಲರಾಡೊ ನದಿಗಳ ಕಮರಿಗಳನ್ನು ಹಾದುಹೋಯಿತು. ಎರಡನೆಯ ಮಹಾಯುದ್ಧದ ನಂತರ ಸೇನೆಯಲ್ಲಿ ಮಿಕ್ಕ ರಬ್ಬರ್ ದೋಣಿಗಳು ಅಗ್ಗವಾಗಿ ದೊರೆತು, ಸಾಮಾನ್ಯ ಪ್ರವಾಸಿಗರೂ ಈ ನದಿಗಳಿಗೆ ಇಳಿಯುವಂತಾಯಿತು. ಭಾರತದಲ್ಲಿ ಹೃಷಿಕೇಶದ ಗಂಗೆ ಈ ಕ್ರೀಡೆಯ ಅತಿ ಪ್ರಸಿದ್ಧ ಕೇಂದ್ರ. ಲಡಾಖಿನ ಶೀತ ಮರುಭೂಮಿಯಲ್ಲಿ ಹರಿಯುವ ಝನ್‌ಸ್ಕಾರ್ ನದಿಯಲ್ಲಿ ಹಿಮ ಕರಗುವ ಬೇಸಿಗೆಯ ತಿಂಗಳುಗಳಲ್ಲಿ ಹಲವು ದಿನಗಳ ಯಾನಗಳು ನಡೆಯುತ್ತವೆ.

ಮರುಭೂಮಿಯ ನದಿಗೂ ಸಹ್ಯಾದ್ರಿಯ ಕಾಡಿನ ಕಾಳಿ ನದಿಗೂ ಹೋಲಿಕೆ ಇಲ್ಲವೆಂದು ತೋರಬಹುದು. ಆದರೆ ಎರಡು ಕಡೆಯೂ ಸುತ್ತಲಿನ ನೆಲ ಒಣಗಿರುವಾಗ ನದಿ ತುಂಬಿ ಹರಿಯುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ರಾಫ್ಟಿಂಗ್ 1963ರಿಂದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಬಿಡುವ ನೀರನ್ನು ಅವಲಂಬಿಸಿದೆ. ಏಪ್ರಿಲ್ ತಿಂಗಳ ಕಾಳಿ ಕೂಡ ಹಾಗೆಯೇ.

ಕಾಳಿ ನದಿ

ಕಾಳಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಗಣೇಶಗುಡಿಯ ಬಳಿ ಇದಕ್ಕೆ ಅಡ್ಡಲಾಗಿ ಕಟ್ಟಿರುವ ಸೂಪಾ ಅಣೆಕಟ್ಟು 101 ಮೀಟರ್ ಎತ್ತರವಾಗಿದ್ದು, 1987ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಪಟ್ಟಣ ಇದರ ಹಿನ್ನೀರಿನಲ್ಲಿ ಮುಳುಗಿದೆ. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಘಟಕಗಳಿರುವ ವಿದ್ಯುದಾಗಾರವಿದೆ. ಇಲ್ಲಿಂದ ಹೊರಬಿದ್ದ ನೀರು ದಾಂಡೇಲಿಯನ್ನು ಹಾದು ಬೊಮ್ಮನಹಳ್ಳಿ ಜಲಾಶಯವನ್ನು ಸೇರಿ, ಮುಂದೆ ನಾಗಝರಿ ವಿದ್ಯುದಾಗಾರಕ್ಕೆ ಹೋಗುತ್ತದೆ.

ರಾಫ್ಟಿಂಗ್ ನಡೆಯುವುದು ಗಣೇಶಗುಡಿಯಿಂದ ಕೆಳಗೆ, ದಾಂಡೇಲಿ ಪಟ್ಟಣಕ್ಕಿಂತ ಮೇಲೆ. ಕಾಗದದ ಕಾರ್ಖಾನೆಯಿರುವ ಪಟ್ಟಣಕ್ಕಿಂತ ಮೇಲಿನ ಪಾತ್ರವಾದ್ದರಿಂದ ಇಲ್ಲಿ ನೀರು ತಿಳಿಯಾಗಿರುತ್ತದೆ. ದಡದ ಎರಡೂ ಕಡೆ ದಟ್ಟ ಕಾಡಿದ್ದು, ಮಂಗಟ್ಟೆ ಹಕ್ಕಿಗಳನ್ನು ದೋಣಿಯಲ್ಲಿ ಕುಳಿತೇ ಕಾಣಬಹುದು. ಈ ಭಾಗದ ಅಂಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಟ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಮರುನಾಮಕರಣ ಮಾಡಲಾಯಿತು.

ಮಳೆಗಾಲ ಮುಗಿದ ಮೇಲೆ ಆರಂಭವಾಗುವ ಋತು ಮೇ ತಿಂಗಳವರೆಗೂ ಮುಂದುವರಿಯುತ್ತದೆ. ಆದರೆ ಒಂದೇ ದಿನದಲ್ಲಿ ನದಿಯ ಸ್ವರೂಪ ಬದಲಾಗಬಲ್ಲದು. ವಿದ್ಯುತ್ತಿನ ಬೇಡಿಕೆ ಏರಿ ಘಟಕಗಳು ಚಾಲನೆಗೊಂಡರೆ ನೀರಿನ ಮಟ್ಟ ಏರುತ್ತದೆ. ಅವು ನಿಂತರೆ ಬಂಡೆಗಳು ತಲೆ ಎತ್ತುತ್ತವೆ, ರಾಫ್ಟ್ ನೆಲಕಚ್ಚುತ್ತದೆ. ಹೀಗಾಗಿ ಯಾನದ ಸಮಯವನ್ನು ಪ್ರವಾಸಿಗನಾಗಲಿ ಸಂಘಟಕನಾಗಲಿ ಸ್ವತಂತ್ರವಾಗಿ ನಿರ್ಧರಿಸಲಾರ. ಬೆಳಿಗ್ಗೆ ಗೊತ್ತುಪಡಿಸಿದ ಯಾನ ಮಧ್ಯಾಹ್ನಕ್ಕೆ ಮುಂದೆ ಹೋಗುವುದನ್ನು ಸಂಘಟಕರ ಅವ್ಯವಸ್ಥೆ ಎಂದು ತಿಳಿಯುವವರಿದ್ದಾರೆ. ಹಲವು ಸಲ ಅದು ಕೇವಲ ಟರ್ಬೈನ್‌ನ ವೇಳಾಪಟ್ಟಿ.

ಇತರ ನದಿಗಳು

ಬರಪೊಳೆ ದಕ್ಷಿಣ ಕೊಡಗಿನ ಬ್ರಹ್ಮಗಿರಿ ಸಾಲಿನಿಂದ ಇಳಿದು ಕೇರಳದ ವಳಪಟ್ಟಣಂ ನದಿಯನ್ನು ಸೇರುತ್ತದೆ. ಕಾಫಿ ತೋಟಗಳ ನಡುವಿನ ಇದರ ಪಾತ್ರದಲ್ಲಿ ನೀರನ್ನು ಹಿಡಿದಿಡುವ ದೊಡ್ಡ ಜಲಾಶಯವಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇಲ್ಲಿ ರಾಫ್ಟಿಂಗ್ ಸಾಧ್ಯ. ರಾತ್ರಿ ಸುರಿದ ಮಳೆ ಬೆಳಗಿನ ಹೊತ್ತಿಗೆ ನದಿಯ ದರ್ಜೆಯನ್ನೇ ಬದಲಿಸಬಹುದು. ಕಾಳಿಗಿಂತ ಇದು ಕಠಿಣ. ಮೊದಲ ಸಲದ ಕುಟುಂಬಕ್ಕೆ ತಕ್ಕುದಲ್ಲ. ಮಳೆ ವಿಪರೀತವಾದಾಗ ಕೊಡಗು ಜಿಲ್ಲಾಡಳಿತ ರಾಫ್ಟಿಂಗನ್ನು ನಿಲ್ಲಿಸುವುದುಂಟು.

ಕುಶಾಲನಗರದ ಸಮೀಪದ ದುಬಾರೆಯಲ್ಲಿ ಕಾವೇರಿ ಸೌಮ್ಯವಾಗಿ ಹರಿಯುತ್ತದೆ. ಇಲ್ಲಿನ ಯಾನದಲ್ಲಿ ಅಲೆಗಿಂತ ವಿಹಾರವೇ ಹೆಚ್ಚು. ಹೆಬ್ರಿ ಸೀಮೆಯ ಸೀತಾನದಿಯಲ್ಲಿಯೂ ಮಳೆಗಾಲದ ತಿಂಗಳುಗಳಲ್ಲಿ ರಾಫ್ಟಿಂಗ್ ನಡೆಯುತ್ತದೆ. ಶರಾವತಿ ಹಿನ್ನೀರಿನ ಹೊನ್ನೆಮರಡು ರಾಫ್ಟಿಂಗ್ ತಾಣವಲ್ಲ, ಆದರೆ ನಿಂತ ನೀರಿನಲ್ಲಿ ಹುಟ್ಟು ಹಾಕುವುದನ್ನು ಕಲಿಯಲು ಅದು ಸೂಕ್ತ ಸ್ಥಳ.

ಪಶ್ಚಿಮ ಬೆಂಗಳೂರಿನಿಂದ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬಹುಭಾಗದ ಮಳೆನೀರು ವೃಷಭಾವತಿಗೆ ಇಳಿಯುತ್ತದೆ. ಕೆಂಗೇರಿ, ಬೈರಮಂಗಲಗಳನ್ನು ಹಾದು ಅದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಒಂದು ಕಾಲಕ್ಕೆ ನದಿಯಾಗಿದ್ದ ವೃಷಭಾವತಿ ಈಗ ನಗರದ ಕೊಳಚೆಯನ್ನು ಹೊರುವ ಕಾಲುವೆಯಾಗಿದೆ. ಹೀಗಾಗಿ ಈ ಬಡಾವಣೆಗಳ ಕುಟುಂಬಗಳಿಗೆ ಹತ್ತಿರದ ದೋಣಿಯಾನದ ನದಿ ಎಂದರೆ ಸಂಗಮಕ್ಕಿಂತ ಮೇಲಿರುವ ಭೀಮೇಶ್ವರಿಯ ಕಾವೇರಿ. ಅದು ಮಳವಳ್ಳಿ ತಾಲ್ಲೂಕಿನಲ್ಲಿ, ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದ್ದು, ಕನಕಪುರ, ಸಾತನೂರು, ಹಲಗೂರುಗಳ ಮಾರ್ಗವಾಗಿ ಸುಮಾರು 100 ಕಿ.ಮೀ. ದೂರವಿದೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ ಇಲ್ಲಿದೆ. ಕಯಾಕ್, ಹರಿಗೋಲು ಮತ್ತು ರಾಫ್ಟ್‌ಗಳು ಲಭ್ಯವಿದ್ದರೂ ಎಲ್ಲವೂ ನೀರಿನ ಮಟ್ಟಕ್ಕೆ ಒಳಪಟ್ಟಿವೆ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ಹೊರಹರಿವು ಈ ದಾರಿಯಲ್ಲೇ ತಮಿಳುನಾಡಿಗೆ ಸಾಗುವುದರಿಂದ, ಹೊರಹರಿವು ಹೆಚ್ಚಿದಾಗ ಇಲ್ಲಿ ಬಿಸಿಲಿದ್ದರೂ ನದಿ ಉಕ್ಕಬಹುದು.

ಸಮೀಪದ ಮುತ್ತತ್ತಿ ಮತ್ತು ಮೇಕೆದಾಟುಗಳಲ್ಲಿ ಈಜಲು ಇಳಿದು ಮುಳುಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೇಲ್ಮೈ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಆಳವಾದ ಮಡುಗಳೂ ಸುಳಿಗಳೂ ಇವೆ. ಮಾರ್ಗದರ್ಶಕನೊಂದಿಗೆ ಲೈಫ್ ಜಾಕೆಟ್ ಧರಿಸಿ ದೋಣಿಯಲ್ಲಿ ಹೋಗುವುದಕ್ಕಿಂತ, ಊಟದ ಬುತ್ತಿ ಬಿಚ್ಚಿದ ದಡದಲ್ಲಿ ಸುಮ್ಮನೆ ಕಾಲು ತೊಳೆಯಲು ಇಳಿಯುವುದೇ ಇಲ್ಲಿ ಹೆಚ್ಚು ಅಪಾಯಕಾರಿ.

ದಾಂಡೇಲಿ ಬೆಂಗಳೂರಿನಿಂದ ಸುಮಾರು 460 ಕಿ.ಮೀ. ದೂರದಲ್ಲಿದೆ. ತುಮಕೂರು ರಸ್ತೆಯಲ್ಲಿ ಹೊರಟು ಧಾರವಾಡ, ಹಳಿಯಾಳಗಳ ಮೂಲಕ ತಲುಪಬಹುದು. ಯಶವಂತಪುರದಿಂದ ರೈಲಿನಲ್ಲಿ ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ಹೋಗಿ ಮುಂದೆ ಬಸ್ಸು ಹಿಡಿಯುವವರೂ ಇದ್ದಾರೆ. ದೂರವಾದರೂ ಕುಟುಂಬಗಳು ಇದನ್ನೇ ಆರಿಸಲು ಶಾಲಾ ರಜೆ ಮುಖ್ಯ ಕಾರಣ. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿ ಬರಪೊಳೆಯಲ್ಲಿ ನೀರಿರುವುದಿಲ್ಲ. ಬರಪೊಳೆ ತುಂಬಿದಾಗ ಮಕ್ಕಳಿಗೆ ರಜೆ ಇರುವುದಿಲ್ಲ.

ದೋಣಿ ಮತ್ತು ಸಲಕರಣೆ

ರಾಫ್ಟ್‌ನ ಸುತ್ತುಕೊಳವೆಯನ್ನು ಒಳಗೆ ಪ್ರತ್ಯೇಕ ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಒಂದು ಕೋಣೆ ಹರಿದರೂ ಉಳಿದವುಗಳ ಗಾಳಿಯಿಂದ ದೋಣಿ ತೇಲುತ್ತದೆ. ತಳದ ಅಂಚಿನಲ್ಲಿರುವ ರಂಧ್ರಗಳಿಂದ ಒಳಬಂದ ನೀರು ತಾನಾಗಿಯೇ ಹೊರಹೋಗುತ್ತದೆ. ಮೊದಲ ಸಲ ಹತ್ತಿದವರು ಈ ರಂಧ್ರಗಳನ್ನು ಕಂಡು ಗಾಬರಿಯಾಗುವುದು ಸಹಜ. ಪ್ರಯಾಣಿಕರು ಕೊಳವೆಯ ಮೇಲೆ ಕುಳಿತು ಪಾದಗಳನ್ನು ಒಳಗೆ ಸಿಕ್ಕಿಸಿಕೊಳ್ಳುತ್ತಾರೆ. ಮಾರ್ಗದರ್ಶಕ ಹಿಂಬದಿಯಲ್ಲಿ ಕುಳಿತು ದಿಕ್ಕನ್ನು ನಿಯಂತ್ರಿಸುತ್ತಾನೆ.

ಗಾಳಿ ತುಂಬಿದ ಕಯಾಕ್ ಒಬ್ಬರು ಅಥವಾ ಇಬ್ಬರು ಕೂರುವ ಉದ್ದನೆಯ ದೋಣಿ. ಇದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗುಗಳಿರುತ್ತವೆ. ಅಮೆರಿಕದ ಮರುಭೂಮಿ ನದಿಗಳ ಕುಟುಂಬ ಯಾನಗಳಲ್ಲಿ ದೊಡ್ಡ ರಾಫ್ಟ್‌ನ ಜೊತೆಗೆ ಇಂತಹ ಕಯಾಕ್‌ಗಳನ್ನು ಒಯ್ದು, ಸೌಮ್ಯ ಹಂತಗಳಲ್ಲಿ ಮಕ್ಕಳಿಗೆ ನಡೆಸಲು ಕೊಡುವ ರೂಢಿಯಿದೆ. ಅಲ್ಲಿ ಅದಕ್ಕೆ ‘ಡಕ್ಕಿ’ ಎಂಬ ಅಡ್ಡಹೆಸರಿದೆ. ಕಾಳಿಯಲ್ಲಿ ಕಯಾಕ್ ಬಳಕೆ ಹೆಚ್ಚಾಗಿ ಶಾಂತ ನೀರಿಗೆ ಸೀಮಿತ.

ಕಠಿಣತೆಯ ದರ್ಜೆ

ಅಂತರರಾಷ್ಟ್ರೀಯ ಮಾನದಂಡದಂತೆ ರಭಸದ ನೀರನ್ನು 1ರಿಂದ 6ರವರೆಗೆ ವಿಂಗಡಿಸಲಾಗುತ್ತದೆ. 1ನೆಯ ದರ್ಜೆಯಲ್ಲಿ ಸಣ್ಣ ಅಲೆಗಳಷ್ಟೇ ಇದ್ದರೆ, 3ರಲ್ಲಿ ದೋಣಿಯನ್ನು ತುಂಬಿಸಬಲ್ಲ ಅಲೆಗಳೂ ಕಿರಿದಾದ ದಾರಿಗಳೂ ಇರುತ್ತವೆ. 5 ಅನುಭವಿಗಳಿಗೆ ಮಾತ್ರ, 6 ಬಹುತೇಕ ಅಸಾಧ್ಯ. ಕಾಳಿಯ ಹಂತಗಳು ಸಾಮಾನ್ಯವಾಗಿ 2 ಮತ್ತು 3ನೆಯ ದರ್ಜೆಯವು. ಬರಪೊಳೆಯಲ್ಲಿ ನೀರು ಹೆಚ್ಚಿದಾಗ 4 ಮುಟ್ಟುತ್ತದೆ. ದರ್ಜೆಯು ನದಿಯ ಶಾಶ್ವತ ಗುಣವಲ್ಲ, ಆ ದಿನದ ನೀರಿನ ಗುಣ.

ಸುರಕ್ಷತೆ

2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿಗಿಂತ ಹೆಚ್ಚು ಪ್ರವಾಸಿಗರನ್ನು ಹತ್ತಿಸಿಕೊಂಡಿದ್ದ ರಾಫ್ಟ್ ಒಂದು ಸೆಳವಿಗೆ ಸಿಲುಕಿತು. ಅದರಲ್ಲಿದ್ದವರನ್ನು ರಕ್ಷಿಸಲಾಯಿತು. ಘಟನೆಯ ವಿಡಿಯೊ ವ್ಯಾಪಕವಾಗಿ ಹರಡಿದ ನಂತರ ಜಿಲ್ಲಾಡಳಿತವು ಜಲಸಾಹಸ ಚಟುವಟಿಕೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಭಾರ ಹೆಚ್ಚಿದ ರಾಫ್ಟ್ ಹುಟ್ಟಿನ ಮಾತು ಕೇಳುವುದಿಲ್ಲ. ಮಾರ್ಗದರ್ಶಕ ಎಷ್ಟೇ ನುರಿತವನಾದರೂ ಅದನ್ನು ಬಂಡೆಯಿಂದ ತಪ್ಪಿಸುವುದು ಕಷ್ಟ. ರಜೆಯ ದಿನಗಳ ನೂಕುನುಗ್ಗಲಿನಲ್ಲಿ “ಇನ್ನೊಬ್ಬರು ಅಡ್ಜಸ್ಟ್ ಮಾಡಿಕೊಳ್ಳಿ” ಎಂಬ ಬಸ್ಸಿನ ನಿಯಮವು ನದಿಗೆ ಅನ್ವಯಿಸುವುದಿಲ್ಲ.

ಭಾರತದ ರಾಫ್ಟಿಂಗ್ ಕೇಂದ್ರಗಳಲ್ಲಿ 14 ವರ್ಷಕ್ಕಿಂತ ಚಿಕ್ಕವರನ್ನು ಸಾಮಾನ್ಯವಾಗಿ ರಭಸದ ಹಂತಗಳಿಗೆ ಕರೆದೊಯ್ಯುವುದಿಲ್ಲ. ಗರ್ಭಿಣಿಯರು, ಹೃದ್ರೋಗ ಅಥವಾ ಬೆನ್ನುಮೂಳೆಯ ತೊಂದರೆ ಇರುವವರು ಹಾಗೂ ಮದ್ಯ ಸೇವಿಸಿದವರು ಇಳಿಯಬಾರದು. ಈಜು ಬಾರದವರೂ ಸೌಮ್ಯ ದರ್ಜೆಯ ಯಾನಗಳಲ್ಲಿ ಭಾಗವಹಿಸಬಹುದು, ಏಕೆಂದರೆ ನೀರಿಗೆ ಬಿದ್ದವನನ್ನು ತೇಲಿಸುವುದು ಜಾಕೆಟ್. ಅದು ಮೈಗೆ ಬಿಗಿಯಾಗಿರಬೇಕು. ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದಾಗ ಜಾಕೆಟ್ ಗಲ್ಲದವರೆಗೆ ಜಾರಿದರೆ ಅದು ಆ ಮಗುವಿನ ಅಳತೆಯದ್ದಲ್ಲ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿ ಫೋಟೊ ತೆಗೆದು ಹೊರಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ನೀರಿಗೆ ಬಿದ್ದರೆ ಬೆನ್ನ ಮೇಲೆ ಮಲಗಿದಂತೆ ತೇಲುತ್ತ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಬೇಕು. ಎದುರಾಗುವ ಬಂಡೆಯನ್ನು ಆಗ ತಲೆಯ ಬದಲು ಕಾಲುಗಳು ತಡೆಯುತ್ತವೆ. ಮೊಣಕಾಲುದ್ದದ ನೀರಾದರೂ ಹರಿವಿನಲ್ಲಿ ಎದ್ದು ನಿಲ್ಲಲು ಯತ್ನಿಸಬಾರದು. ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ನೀರಿನ ಒತ್ತಡ ದೇಹವನ್ನು ಮುಂದಕ್ಕೆ ಮಡಿಸಿ ತಲೆಯನ್ನು ಮುಳುಗಿಸುತ್ತದೆ. ಬಿದ್ದ ಮರದ ಕೊಂಬೆಗಳು ಇನ್ನೂ ಅಪಾಯಕಾರಿ: ನೀರು ಅವುಗಳ ನಡುವೆ ಸೋಸಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಬೀಳುತ್ತಾನೆ. ಮುಳುಗುತ್ತಿರುವ ಮಗುವನ್ನು ಕಂಡು ತಂದೆತಾಯಿ ಹಿಂದೆಯೇ ಹಾರುವುದು ಸ್ವಾಭಾವಿಕವಾದರೂ, ಅದರಿಂದ ರಕ್ಷಿಸಬೇಕಾದವರ ಸಂಖ್ಯೆ ಎರಡಾಗುತ್ತದೆ. ಹಗ್ಗವೆಸೆಯುವ ಕೆಲಸವನ್ನು ಮಾರ್ಗದರ್ಶಕನಿಗೆ ಬಿಡಬೇಕು.

ಮಾರ್ಗದರ್ಶಕರಲ್ಲಿ ಸ್ಥಳೀಯರ ಜೊತೆಗೆ ನೇಪಾಳ ಮತ್ತು ಉತ್ತರಾಖಂಡದವರೂ ಇರುತ್ತಾರೆ. ಫಾರ್ವರ್ಡ್, ಬ್ಯಾಕ್, ಸ್ಟಾಪ್, ಗೆಟ್ ಡೌನ್ ಎಂಬ ಆಜ್ಞೆಗಳು ಇಂಗ್ಲಿಷಿನಲ್ಲಿರುತ್ತವೆ. ಇವುಗಳ ಅರ್ಥವನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ದಡದಲ್ಲಿಯೇ ಕನ್ನಡದಲ್ಲಿ ವಿವರಿಸಿ ಒಮ್ಮೆ ಅಭ್ಯಾಸ ಮಾಡಿಸುವುದು ಒಳ್ಳೆಯದು; ನೀರಿನ ಭೋರ್ಗರೆತದಲ್ಲಿ ಅನುವಾದಕ್ಕೆ ಅವಕಾಶವಿಲ್ಲ.

ದಾಂಡೇಲಿ ಪಟ್ಟಣದ ಆಸುಪಾಸಿನ ನಿಧಾನಗತಿಯ ನೀರಿನಲ್ಲಿ ಮೊಸಳೆಗಳಿವೆ. ಯಾನ ಮುಗಿಸಿ ಬಂದವರು ಸಂಜೆ ಅಲ್ಲಿ ನದಿಗೆ ಇಳಿಯಬಾರದು.