ಚಳಿ, ಮಳೆ, ಬಿರುಗಾಳಿಯ ಗಾಲ್ಫ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬೆಳೆದ ಗಾಲ್ಫ್ ಶತಮಾನಗಳ ಕಾಲ ಹೆಚ್ಚಾಗಿ ಚಳಿಗಾಲದ ಆಟವಾಗಿತ್ತು. ಕಡಲಿಗೂ ಹೊಲಗಳಿಗೂ ನಡುವೆ ಹರಡಿದ ಮರಳು ದಿಬ್ಬಗಳ ಬಯಲಿಗೆ ಅಲ್ಲಿ ಲಿಂಕ್ಸ್ ಎಂದು ಹೆಸರು. ಉಳುಮೆಗೆ ಬಾರದ ಈ ನೆಲದಲ್ಲಿ ಕುರಿ, ಮೊಲಗಳು ಮೇಯುತ್ತಿದ್ದವು. ಆದರೂ ಬೇಸಿಗೆಯಲ್ಲಿ ಹುಲ್ಲು ಎತ್ತರಕ್ಕೆ ಬೆಳೆದು, ಬಿದ್ದ ಚೆಂಡು ಸಿಗುವುದೇ ಕಷ್ಟವಾಗುತ್ತಿತ್ತು. ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ್ದೇ 1830ರಲ್ಲಿ. ಹಾಗಾಗಿ ಹುಲ್ಲು ಕುಗ್ಗಿ ನೆಲ ಬಯಲಾದ ತಿಂಗಳುಗಳೇ ಆಟಕ್ಕೆ ಒದಗುತ್ತಿದ್ದವು. ಮರಳು ನೆಲ ಮಳೆನೀರನ್ನು ಬೇಗ ಹೀರಿಕೊಳ್ಳುತ್ತಿದ್ದುದೊಂದೇ ಆಟಗಾರರಿಗಿದ್ದ ಸಮಾಧಾನ.

ಚೆಂಡಿಗೆ ಮಾತ್ರ ಮಳೆ ಆಗಿಬರುತ್ತಿರಲಿಲ್ಲ. ಹೊಲಿದ ತೊಗಲಿನ ಚೀಲಕ್ಕೆ ಬೇಯಿಸಿದ ಪುಕ್ಕಗಳನ್ನು ಒತ್ತಿ ತುಂಬಿ ಫೆದರಿ ಎಂಬ ಚೆಂಡನ್ನು ಮಾಡುತ್ತಿದ್ದರು. ಒಣಗುವಾಗ ಪುಕ್ಕ ಹಿಗ್ಗಿ, ತೊಗಲು ಕುಗ್ಗಿ ಚೆಂಡು ಕಲ್ಲಿನಂತೆ ಬಿಗಿಯಾಗುತ್ತಿತ್ತು. ನುರಿತವರು ದಿನವಿಡೀ ದುಡಿದರೂ ಆಗುತ್ತಿದ್ದುದು ಮೂರೋ ನಾಲ್ಕೋ. ಬೆಲೆಯೂ ಅದಕ್ಕೆ ತಕ್ಕಂತೆ ದುಬಾರಿ. ಒದ್ದೆಯಾದರೆ ಅದು ಭಾರವಾಗಿ, ಹೊಲಿಗೆ ಸಡಿಲಗೊಂಡು, ಒಂದೇ ಏಟಿಗೆ ಬಿರಿದು ಹೋಗುವುದೂ ಇತ್ತು. 1848ರ ಹೊತ್ತಿಗೆ ಮಲಯದ ಮರಗಳ ಅಂಟಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂತು. ನೀರಿಗೆ ಅದು ಜಗ್ಗಲಿಲ್ಲ. ಕಡು ಚಳಿಯಲ್ಲಿ ಒಡೆಯುತ್ತಿತ್ತು ನಿಜ, ಆದರೆ ಚೂರುಗಳನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮತ್ತೆ ಉಂಡೆ ಕಟ್ಟಬಹುದಿತ್ತು. ಬಡವರ ಕೈಗೂ ಗಾಲ್ಫ್ ಎಟುಕಿದ್ದರಲ್ಲಿ ಈ ಚೆಂಡಿನ ಪಾಲು ದೊಡ್ಡದು.

ನಿಯಮಗಳೂ ಕೆಸರಿನಿಂದ ದೂರ ಉಳಿಯಲಿಲ್ಲ. 1744ರಲ್ಲಿ ಎಡಿನ್‌ಬರೋ ಬಳಿಯ ಲೀತ್‌ನಲ್ಲಿ ಬರೆದಿಟ್ಟ 13 ನಿಯಮಗಳಲ್ಲೇ ನೀರಿಗೋ ರಾಡಿಗೋ ಬಿದ್ದ ಚೆಂಡಿನ ಪ್ರಸ್ತಾಪವಿದೆ: ಅದನ್ನು ಹೊರತೆಗೆದು ಆಡಬಹುದು, ಆದರೆ ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡಬೇಕು. ಹಿಮಕ್ಕೆ ಉಪಾಯ ಹುಡುಕಿದವರಲ್ಲಿ ಮುಂಬೈಯಲ್ಲಿ ಹುಟ್ಟಿದ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಒಬ್ಬ. 1890ರ ದಶಕದಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿದ್ದಾಗ ಚೆಂಡಿಗೆ ಕೆಂಪು ಬಣ್ಣ ಬಳಿದು ಹಿಮದ ಮೇಲೆ ಆಡುತ್ತಿದ್ದ.

ಪ್ರತಿಕೂಲ ಸ್ಥಿತಿಯ ಪರಮಾವಧಿ 1940ರಲ್ಲಿ ಬಂತು. ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗ ರಿಚ್ಮಂಡ್ ಗಾಲ್ಫ್ ಕ್ಲಬ್ ತಾತ್ಕಾಲಿಕ ನಿಯಮಗಳನ್ನು ಹೊರಡಿಸಿತು. ಹುಲ್ಲು ಕತ್ತರಿಸುವ ಯಂತ್ರ ಕೆಡದಂತೆ ಬಾಂಬಿನ ಚೂರುಗಳನ್ನು ಆಟಗಾರರೇ ಆಯಬೇಕು. ತಡವಾಗಿ ಸಿಡಿಯುವ ಬಾಂಬುಗಳ ಗುರುತಿಗೆ ಕೆಂಪು ಬಾವುಟ. ಶತ್ರುವಿನ ದಾಳಿಯಿಂದ ಚೆಂಡು ಸರಿದರೆ ದಂಡವಿಲ್ಲದೆ ಸ್ವಸ್ಥಾನಕ್ಕೆ ಇಡಬಹುದು. ಹೊಡೆಯುವ ಕ್ಷಣದಲ್ಲೇ ಬಾಂಬು ಸಿಡಿದು ಏಟು ಕೆಟ್ಟರೆ ಇನ್ನೊಂದು ಚೆಂಡು ಆಡಬಹುದು, ಆದರೆ ಒಂದು ಹೊಡೆತದ ದಂಡ ತಪ್ಪದು. ಇದನ್ನು ಬರೆದವರು ನಗುತ್ತಿದ್ದರೋ ಗಂಭೀರವಾಗಿದ್ದರೋ, ಬಹುಶಃ ಎರಡೂ.

ಗಾಳಿಯಂತೂ ಬ್ರಿಟನ್ನಿನ ಗಾಲ್ಫ್ ಪಂದ್ಯಾವಳಿಯಾದ ಓಪನ್ ಚಾಂಪಿಯನ್‌ಶಿಪ್‌ನ ಹಳೆಯ ಪಾಲುದಾರ. 1938ರಲ್ಲಿ ಸ್ಯಾಂಡ್ವಿಚ್‌ನಲ್ಲಿ ಕೊನೆಯ ದಿನದ ಬಿರುಗಾಳಿಗೆ ಪ್ರದರ್ಶನದ ದೊಡ್ಡ ಡೇರೆಯೇ ಹರಿದುಹೋಯಿತು. ಗೆದ್ದ ರೆಗ್ ವಿಟ್‌ಕಂಬ್‌ಗೂ ಆ ದಿನದ ಎರಡು ಸುತ್ತುಗಳಿಗೆ 75 ಮತ್ತು 78 ಹೊಡೆತ ಬೇಕಾದವು. 2015ರಲ್ಲಿ ಸೇಂಟ್ ಆಂಡ್ರೂಸ್‌ನ ಗ್ರೀನ್‌ಗಳ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸುಗಳ, ಮೇಲೆ ನಿಂತ ಚೆಂಡನ್ನೇ ಗಾಳಿ ಉರುಳಿಸತೊಡಗಿ ಆಟ ನಿಲ್ಲಿಸಬೇಕಾಯಿತು. ಪಂದ್ಯಾವಳಿ ಸೋಮವಾರಕ್ಕೆ ಮುಂದುವರಿಯಿತು.

ಆಟಗಾರರು ನಿಜಕ್ಕೂ ಅಂಜಬೇಕಾದದ್ದು ಸಿಡಿಲಿಗೆ. 1975ರಲ್ಲಿ ಶಿಕಾಗೋ ಬಳಿ ನಡೆದ ವೆಸ್ಟರ್ನ್ ಓಪನ್‌ನಲ್ಲಿ ಲೀ ಟ್ರೆವಿನೊ, ಜೆರ್ರಿ ಹರ್ಡ್, ಬಾಬಿ ನಿಕೋಲ್ಸ್ ಮೂವರಿಗೂ ಸಿಡಿಲಿನ ಆಘಾತವಾಯಿತು. ಇಂದಿನ ನಿಯಮದಂತೆ, ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ ಮಳೆ, ಗಾಳಿ ಮಾತ್ರಕ್ಕೆ ಆಟಗಾರ ತಾನಾಗಿ ಆಟ ನಿಲ್ಲಿಸುವಂತಿಲ್ಲ. ಸಿಡಿಲಿನ ಅಪಾಯವಿದೆ ಎಂದು ಅನಿಸಿದರೆ ನಿಲ್ಲಿಸಬಹುದು.